ಮಾವನ ಮುಯ್ಯಿ

ಮಾರ್ಚ್ ೯, ಭಾನುವಾರ.

ನನ್ನ ಖಾತೆಯಲ್ಲಿದ್ದ ಮದುವೆ ಮುಯ್ಯಿಯೆಲ್ಲ ಇವತ್ತು ಕ್ರಿಪ್ಟೋಗೆ ಹೋಯಿತು. ಛೀ! ಆ ಕಾಯಿನ್ ಶುರು ಮಾಡಿದವನು ನಮ್ಮ ಶಾಸಕನ ಮಗ. ಕಲಾಸಿಪಾಳ್ಯದಲ್ಲಿ ಸೋದರಮಾವನ ತರಕಾರಿ ಮಂಡಿಗೆ ಜೆಸಿಬಿ ನುಗ್ಗಿಸಿದ್ದು ಅದೇ ಶಾಸಕ. ಅಂಗಡಿ ಹೋದಮೇಲೂ ಮಾವ ಸಾಲ ಮಾಡಿ ಮುಯ್ಯಿ ಇಟ್ಟಿದ್ದರು.

ಬೇಡ ಅಂದೆ. ನನ್ನ ಗಂಡ ಮುರುಗೇಶ್ ನಕ್ಕುಬಿಟ್ಟ.

"ದುಡ್ಡಿಗೆ ಪಾರ್ಟಿ ಗೀರ್ಟಿ ಇರಲ್ಲ ಚಿನ್ನಾ."

"ಮತ್ತೆ ರೇಟು ಯಾವಾಗ ಏರತ್ತೆ?"

"ನಮ್ಮ ಎಮ್ಮೆಲ್ಲೆ ಮಿನಿಸ್ಟರ್ ಆದ ತಕ್ಷಣ!"

ಅಯ್ಯೋ, ಎಷ್ಟು ಮುದ್ದಾಗಿ ಹೇಳಿದ! ಆ ಮುಖ ನೋಡುತ್ತಲೇ ಒಟಿಪಿ ಕೊಟ್ಟುಬಿಟ್ಟೆ. ಈಗ ಪಕ್ಕದಲ್ಲೇ ಹಾಯಾಗಿ ಗೊರಕೆ ಹೊಡೆಯುತ್ತಿದ್ದಾನೆ. ನಾಳೆ ದೊಡ್ಡ ಗಣಪತಿ ಗುಡಿಗೆ ಹೋಗಬೇಕಂತೆ. ಅಲ್ಲಿ ಕೈಮುಗಿದು ನಿಂತು, ಮಾವನ ಅಂಗಡಿ ಕೆಡವಿದವನನ್ನು ಮಂತ್ರಿ ಮಾಡಪ್ಪಾ ಎಂದು ನಾನು ಬೇಡಿಕೊಳ್ಳಬೇಕು.