ಎಡಗೆನ್ನೆಯ ಎಲೆ, ಬಲಗಿವಿಯ ನೋವು

ಸನಾ, ಬೀರ್ ಅಲ್-ಅಝಬ್
೨೧ ಮುಹರ್ರಮ್ ೧೪೩೧, ಗುರುವಾರ

ಪ್ರೀತಿಯ ತಂಗಿ ಹೂರಿಯಾಗೆ ಅಣ್ಣನ ಸಲಾಮು.

ನಿನ್ನ ಮಂಡಿನೋವು ಹೇಗಿದೆ? ಜಿಬೂಟಿಯಲ್ಲಿ ಈಗ ಸೆಕೆ ಇಳಿದಿರಬೇಕು. ಸಂಜೆ ಹೊತ್ತು ಕಡಲ ದಂಡೆಯ ತನಕ ನಡೆಯುತ್ತೀಯೋ, ಇಲ್ಲ ಮೊಮ್ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಕೂತೇ ಇರುತ್ತೀಯೋ? ಅವಳಿಗೆ ಹಲ್ಲು ಬಂತೇ? ನಿನ್ನ ಮಗರಾಯ ಯಾಸಿರ್ ಈಗಲೂ ಹಡಗುಕಟ್ಟೆಯಿಂದ ಹೊತ್ತು ಮೀರಿ ಬಂದು ನಿನ್ನ ಕೈಲಿ ಬೈಸಿಕೊಳ್ಳುತ್ತಾನೆಯೇ? ಇಲ್ಲಿ ಚಳಿ ಜೋರಾಗಿದೆ. ಬೆಳಗಿನ ನಮಾಜಿಗೆ ಕೈಕಾಲು ತೊಳೆದರೆ ಬೆರಳುಗಳು ನನ್ನವೇ ಅಲ್ಲವೇನೋ ಅನ್ನಿಸುತ್ತದೆ. ನಿನ್ನ ಅತ್ತಿಗೆ ಕರೀಮಾ ಇದ್ದಾಗ ನೀರು ಕಾಯಿಸಿಡುತ್ತಿದ್ದಳು. ಅವಳು ತೀರಿಹೋದ ಮೇಲೆ ನನಗೊಬ್ಬನಿಗೆ ಒಲೆ ಹಚ್ಚುವುದು ಯಾಕೆ ಅಂತ ಸುಮ್ಮನಾಗಿದ್ದೇನೆ.

ಹೋದ ಸಲ ಫೋನಿನಲ್ಲಿ ನೀನು ಮುನಿಸಿಕೊಂಡೆ. "ಏನಣ್ಣಾ, ಕಡಲಾಚೆಯಿಂದ ಮಾತಾಡ್ತಾ ಇದೀನಿ, ನೀನು ಸೊಪ್ಪಿನೋನಿಗೆ ಉತ್ತರ ಕೊಟ್ಟ ಹಾಗೆ ಹೂಂ ಹೂಂ ಅಂತೀಯಲ್ಲ! ನನ್ ಮೇಲೆ ಕೋಪಾನಾ?" ಅಂದೆ. ಕೋಪವಲ್ಲ ಮಾರಾಯ್ತಿ, ನನ್ನ ಬಾಯಿ ತೆರೆಯುತ್ತಿಲ್ಲ. ಎರಡು ಬೆರಳು ಹಿಡಿಸುವಷ್ಟೂ ತೆರೆಯುವುದಿಲ್ಲ. ಅದನ್ನು ಹೇಳುವುದಕ್ಕೂ ಬಾಯಿಯೇ ಬೇಕಲ್ಲ! ಅದಕ್ಕೇ ಈ ಕಾಗದ.

ಶುರುವಾದದ್ದು ರಂಜಾನಿಗೂ ಮೊದಲು. ರೊಟ್ಟಿ ಅಗಿಯುವಾಗ ಬಲಗಿವಿಯ ಮುಂದೆ ಟಿಕ್ ಎಂದು ಸದ್ದು. ಲಾರಿ ಓಡಿಸುತ್ತಿದ್ದ ಹಮೂದ್ ಗೊತ್ತಲ್ಲ, ಅವನು ಆಗ ಇನ್ನೂ ದಿನಾ ಮಧ್ಯಾಹ್ನ ನಮ್ಮ ಮೇಲಿನ ಕೋಣೆಗೆ ಜೊತೆಗೆ ಕೂತು ಅಗಿಯಲು ಖಾತ್ ಎಂಬ ಅಮಲಿನ ಎಲೆಯ ಕಟ್ಟು ಹಿಡಿದು ಬರುತ್ತಿದ್ದ. ಸದ್ದು ಕೇಳಿ, "ಯಾರೋ ಕದ್ದು ಬಾದಾಮಿ ಒಡೀತಾವ್ರೆ ಅಂದ್ಕೊಂಡಿದ್ದೆ, ನಿನ್ನ ದವಡೆನಾ ಮುದುಕಾ! ಗ್ರೀಸ್ ಹಾಕ್ಸು, ಗ್ರೀಸು!" ಎಂದು ದಿಂಬಿನ ಮೇಲೆ ಬಿದ್ದು ನಕ್ಕ. ನಾನೂ ನಕ್ಕೆ. ಆಮೇಲೆ ಕಿವಿನೋವು ಹತ್ತಿಕೊಂಡಿತು. ಪಕ್ಕದ ಮನೆಯ ಉಮ್ಮ್ ಗಾಲಿಬ್ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟಳು. ಕಿವಿ ಡಾಕ್ಟರು ದೀಪ ಹಿಡಿದು ನೋಡಿ, "ಎಣ್ಣೆ ಬಿಟ್ಟರೆ ಇದರೊಳಗೆ ಬೇರೇನೂ ಇಲ್ಲ" ಎಂದು ಕಳಿಸಿದರು. ಹಾಗಾದರೆ ಹಲ್ಲಿರಬೇಕು ಎಂದು ಸಂತೆಬೀದಿಯಲ್ಲಿ ಬಲಗಡೆಯ ದವಡೆಹಲ್ಲನ್ನೇ ಕೀಳಿಸಿಕೊಂಡೆ. ಗಟ್ಟಿಮುಟ್ಟಾದ ಹಲ್ಲು ಹೂರಿಯಾ, ಬೇರು ಬಿಳಿಯಾಗಿ ಹೊಳೆಯುತ್ತಿತ್ತು. ಹಲ್ಲು ಹೋಯಿತು, ನೋವು ಉಳಿಯಿತು.

ಎಲ್ಲರೂ ಖಾತ್ ಬಗ್ಗೆ ಕೇಳಿದರು. ಕೇಳಿದವರಿಗೆಲ್ಲ ನನ್ನದು ಒಂದೇ ಉತ್ತರ: ನಾನು ಎಲೆ ಇಟ್ಟುಕೊಳ್ಳುವುದು ಎಡಗೆನ್ನೆಯಲ್ಲಿ, ನೋವಿರುವುದು ಬಲಗಡೆ, ಎಲೆಗೂ ನೋವಿಗೂ ಏನು ಸಂಬಂಧ? ಇಲ್ಲಿ ಯಾರನ್ನು ಕೇಳಿದರೂ ಅದು ಸರಿಯಾದ ಮಾತೇ. ಹಮೂದ್ ಕೂಡ ತಲೆದೂಗಿದ. ಬಲಗಡೆಗೆ ಪೂರ್ತಿ ವಿಶ್ರಾಂತಿ ಇರಲಿ ಎಂದು ಊಟವನ್ನೂ ಎಡಗಡೆಯೇ ಅಗಿಯತೊಡಗಿದೆ. ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಎದ್ದರೆ ಟಿಕ್ ಸದ್ದು ನಿಂತೇಹೋಗಿತ್ತು. ವಾಸಿಯಾಯಿತು ಎಂದು ಖುಷಿಯಿಂದ ರೊಟ್ಟಿ ಮುರಿದು ಬಾಯಿಗಿಡಲು ಹೋದೆ. ಬಾಯಿ ಅರ್ಧಕ್ಕೇ ನಿಂತುಬಿಟ್ಟಿತು.

ಕೊನೆಗೆ ದೊಡ್ಡಾಸ್ಪತ್ರೆಗೆ ಹೋದೆ. ಅಲ್ಲಿ ಅರ್ವಾ ಅಂತ ಒಬ್ಬಳು ಡಾಕ್ಟರ್, ನಮ್ಮ ಕಾಲದಲ್ಲಾದರೆ ಇನ್ನೂ ಮದುವೆಯ ಮಾತಾಡುವ ವಯಸ್ಸು. ಎರಡೂ ಕಿವಿಗಳ ಮುಂದೆ ಬೆರಳಿಟ್ಟು, "ನಿಧಾನಕ್ಕೆ ಬಾಯಿ ತೆಗೀರಿ ಅಜ್ಜಾ" ಅಂದಳು. ಹಲ್ಲುಗಳ ನಡುವೆ ಅಳತೆಪಟ್ಟಿ ಹಿಡಿದಳು. ತೆರೆಯುವಾಗ ನನ್ನ ಗದ್ದ ಬಲಕ್ಕೆ ಜಾರುವುದನ್ನು ಕನ್ನಡಿಯಲ್ಲಿ ತೋರಿಸಿದಳು. ಇಷ್ಟು ದಿನ ಅದು ನನ್ನ ಕಣ್ಣಿಗೇ ಬಿದ್ದಿರಲಿಲ್ಲ. ಸದ್ದು ಯಾವಾಗ ನಿಂತಿತು ಅಂತ ಎರಡೆರಡು ಸಲ ಕೇಳಿದಳು. "ಸದ್ದು ನಿಂತಿದ್ದು ವಾಸಿಯಾಗಿ ಅಲ್ಲ ಅಜ್ಜಾ. ಮೊದಲು ಕೀಲಿನ ಮೆತ್ತೆ ಜಾರಿ ಮತ್ತೆ ಜಾಗಕ್ಕೆ ಬರ್ತಿತ್ತು, ಅದಕ್ಕೇ ಟಿಕ್ ಅನ್ನೋದು. ಈಗ ಜಾರಿದ್ದು ಅಲ್ಲೇ ಕೂತಿದೆ ಅನ್ಸತ್ತೆ, ಫೋಟೋ ತೆಗೆದು ನೋಡೋಣ" ಅಂದಳು. ಎಕ್ಸ್‌ರೇ ತೆಗೆದರು. ಮೂಳೆ ಅಷ್ಟೇನೂ ಕೆಟ್ಟಿಲ್ಲವಂತೆ, ಆದರೆ ಮೆತ್ತೆ ಎಕ್ಸ್‌ರೇಗೆ ಕಾಣುವುದಿಲ್ಲವಂತೆ. ಅದಕ್ಕೆ ಎಂಆರ್‌ಐ ಆಗಬೇಕಿತ್ತು. ಒಮ್ಮೆ ಬಾಯಿ ಮುಚ್ಚಿಸಿ, ಇನ್ನೊಮ್ಮೆ ಹಲ್ಲಿನ ನಡುವೆ ಬಿರಡೆ ಕೊಟ್ಟು ತೆರೆದಷ್ಟು ತೆರೆಸಿ ಮಲಗಿಸಿದರು. ಆ ಕೊಳವೆಯೊಳಗೆ ಸುತ್ತಿಗೆಯಿಂದ ಕಲ್ಲು ಒಡೆದ ಹಾಗೆ ಗದ್ದಲ. ನಿಜ ಹೇಳಲೇ, ಬಹಳ ದಿನದ ಮೇಲೆ ನನ್ನ ಸುತ್ತ ಅಷ್ಟು ಗದ್ದಲವಿತ್ತು. ಹೊರಗೆ ಬರಲು ಅವಸರವೇ ಆಗಲಿಲ್ಲ.

ಅರ್ವಾ ಎರಡೂ ಚಿತ್ರ ಬೆಳಕಿಗೆ ಹಿಡಿದಳು. ಮೂಳೆಯ ಗಿಣ್ಣು ಒಂದು ಕಡೆ, ಹುರಿದ ಈರುಳ್ಳಿ ಎಸಳಿನಂಥ ಕಪ್ಪು ಮೆತ್ತೆ ಅದರ ಮುಂದೆ ಜಾರಿ ಕೂತಿತ್ತು. ಬಾಯಿ ತೆರೆದಾಗಲೂ ಮತ್ತೆ ಗಿಣ್ಣಿನ ಮೇಲೆ ಬಂದಿರಲಿಲ್ಲ. ನನ್ನ ಎಡಬಲದ ವಾದ ಹೇಳಿದೆ. ನಕ್ಕುಬಿಟ್ಟಳು. "ದವಡೆ ಒಂದೇ ಮೂಳೆ ಅಜ್ಜಾ, ಇಬ್ಬರು ಹೊರೋ ಸ್ಟ್ರೆಚರ್ ಥರ. ಈ ಕಡೆ ಎಲೆ ಅಗಿದ್ರೆ ಆ ಕಡೆ ಕೀಲು ಭಾರ ಹೊರುತ್ತೆ. ನಮ್ಮೂರಲ್ಲಿ ಎಲ್ರೂ ಇದೇ ಹೇಳ್ಕೊಂಡು ಬರ್ತಾರೆ, ಎಲ್ರ ಹಲ್ಲೂ ಸುಮ್ನೆ ಹೋಗಿರುತ್ತೆ!" ಆಮೇಲೆ ಕೇಳಿದಳು: "ಯಾರ ಜೊತೆ ಕೂತು ಅಗೀತೀರಿ?"

ಬೆಟ್ಟದೂರಿನ ಗಾಳಿ ಎದೆಗೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದರಿಂದ ಹಮೂದ್ ರಂಜಾನ್ ಕಳೆದ ಮೇಲೆ ಹುದೈದಾಕ್ಕೆ ಮಗನ ಮನೆಗೆ ಹೋದ. ಅವನಿಲ್ಲದೆ ಉಳಿದವರೂ ಬರುವುದು ಬಿಟ್ಟರು. ಮಧ್ಯಾಹ್ನದ ನಮಾಜಿನಿಂದ ಸಂಜೆಯ ಮಗ್ರಿಬ್ ನಮಾಜಿನ ತನಕ ಮೇಲಿನ ಕೋಣೆಯಲ್ಲಿ ಒಬ್ಬನೇ ಕೂತು ಅಗಿಯುತ್ತೇನೆ. ಹರಟೆಯಿದ್ದಾಗ ಮಾತಿಗೊಮ್ಮೆ ನಗುವಿಗೊಮ್ಮೆ ದವಡೆಗೆ ಬಿಡುವು ಸಿಗುತ್ತಿತ್ತು. ಈಗ ಹಲ್ಲು ಕಚ್ಚಿಕೊಂಡೇ ಕಿಟಕಿ ನೋಡುತ್ತಿರುತ್ತೇನೆ. ಅವಳಿಗೆ ಇಷ್ಟೇ ಹೇಳಿದೆ: "ಗೆಳೆಯರು ಇದಾರಮ್ಮ."

ಖಾತ್ ಬಿಟ್ಟಿದ್ದೇನೆ. ಮೆತ್ತಗಿನ ಊಟ, ಬಿಸಿಬಟ್ಟೆಯ ಶಾಖ. ಅಷ್ಟಕ್ಕೇ ಬಾಯಿ ತೆರೆಯಲಿಲ್ಲ. ಮುಂದೆ ಕೀಲಿಗೆ ಸೂಜಿ ಹಾಕಿ ತೊಳೆಯಬೇಕಂತೆ. ತಡ ಮಾಡಿದಷ್ಟೂ ಬಾಯಿ ತೆರೆಯುವುದು ಕಷ್ಟ ಅಂತಾಳೆ. ಮಂಪರು ಬರಿಸುತ್ತಾರೆ, ಆಮೇಲೆ ಕೆಲವು ವಾರ ದಿನಾ ಯಾರಾದರೂ ಎದುರು ಕೂತು ದವಡೆಯ ವ್ಯಾಯಾಮ ಮಾಡಿಸಬೇಕು. ಎಲ್ಲಾ ಸರಿಹೋಗುತ್ತದೆ. ನೀನು ಗಾಬರಿಯಾಗಬೇಡ, ಮನೆಮಂದಿಯನ್ನು ಬಿಟ್ಟು ಹೊರಡುವುದೂ ಬೇಡ. ನಾನು ಆರಾಮಾಗಿದ್ದೇನೆ.

ಯಾಸಿರನಿಗೂ ಸೊಸೆಗೂ ನನ್ನ ದುವಾ ತಿಳಿಸು. ಮಗುವಿನ ಕೆನ್ನೆ ಮುಟ್ಟಿ ನನ್ನ ಹೆಸರು ಹೇಳು. ಅಲ್ಲಾಹು ನಿಮ್ಮನ್ನೆಲ್ಲ ಚೆನ್ನಾಗಿಟ್ಟಿರಲಿ.

ನಿನ್ನ ಅಣ್ಣ,
ಮುಸ್ಲಿಹ್

ಮರೆತೆ: ಕಾಗದ ಒಯ್ಯುವ ಹುಡುಗ ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಮನೆಯವರಿಲ್ಲದೆ ಸೂಜಿ ಹಾಕುವುದಿಲ್ಲ ಎಂದು ಅರ್ವಾ ಎರಡು ಸಲ ವಾಪಸ್ ಕಳಿಸಿದಳು. ಮೂರನೇ ಸಲ, "ನನ್ನ ತಂಗಿ ಇದಾಳೆ, ಮನೇಲೇ ಇದಾಳೆ" ಅಂದುಬಿಟ್ಟೆ. ಬರುವ ಸಫರ್ ತಿಂಗಳ ಕೊನೆಯ ಶನಿವಾರ ಕರೆದುಕೊಂಡು ಬನ್ನಿ ಅಂದಿದ್ದಾಳೆ. ಮೇಲೆ ಬರೆದದ್ದನ್ನು ಬಿಡು. ಬಾ ಹೂರಿಯಾ.