ತಿಪ್ಪೆ ಬುಡದ ಮಣ್ಣಿಗೆ ಹಾಲೆಂಡಿನ ಮೆಚ್ಚುಗೆ

ಹಾಸನ, ಮೇ ೧೯೬೨

ಬಾಗೂರಿನ ಕೀರ್ತಿಯನ್ನು ಕಡಲಾಚೆ ದಾಟಿಸಿದ ಸೋದರಮಾವನವರ ಪಾದಗಳಿಗೆ ಷಡಕ್ಷರಿಯ ಅನಂತ ಶರಣಾರ್ಥಿಗಳು.

ನಾನು ಕೆಲಸಕ್ಕೆ ಸೇರಿರುವ ಮಣ್ಣು ಪರೀಕ್ಷೆ ಕೇಂದ್ರದವರು, ಎಲ್ಲ ದೇಶಗಳಲ್ಲೂ ಫಲಿತಾಂಶ ಒಂದೇ ಬರುತ್ತದೆಯೇ ಎಂದು ನೋಡಲು, ನೀವು ಕೊಟ್ಟ ಮಣ್ಣನ್ನೇ ಹಂಚಿ ಜಪಾನಿಗೂ ಹಾಲೆಂಡಿಗೂ ಕಳಿಸಿದ್ದರು. ಈ ಹೊಲಕ್ಕೆ ಗೊಬ್ಬರವೇ ಬೇಡವೆಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದ್ದಾರೆ. ನಮ್ಮ ಕೇಂದ್ರದ ಸಾಹೇಬರು ನಿಮ್ಮ ರಾಗಿ ಹೊಲಕ್ಕೆ ಸಿಗಬೇಕಿದ್ದ ಗೊಬ್ಬರದ ಪರ್ಮಿಟ್ ತಡೆದಿದ್ದಾರೆ. ಹೊಲದ ನಡುವೆ ಅಗೆಯಿರಿ ಎಂದು ಮಣ್ಣು ತೆಗೆದ ದಿನವೇ ಬಡಕೊಂಡೆ. "ದೊಡ್ಡ ಆಪೀಸ್ಗೆ ಓಗೋ ಮಣ್ಣು ಕಣ್ಲಾ, ಮಾನ ಕಳೀಬಾರ್ದು" ಅಂತ ತಿಪ್ಪೆ ಬುಡವನ್ನೇ ಅಗೆದಿರಿ.

ಹೋಟೆಲ್ ಊಟಕ್ಕೆ ನನ್ನ ಹೊಟ್ಟೆ ಕೆಟ್ಟಿದೆ, ಅತ್ತೆಗೆ ಹೇಳಬೇಡಿ. ಸೋಮವಾರ ಸಾಹೇಬರೇ ಈ ಅದ್ಭುತ ಹೊಲವನ್ನು ನೋಡಲು ಬರುತ್ತಾರೆ. ಎಲ್ಲಿ ಬೇಕೋ ಅಲ್ಲಿ ಅವರೇ ಅಗೆಯಲಿ. ನೀವು ಮಾತ್ರ ದಯವಿಟ್ಟು ಗುದ್ದಲಿ ಮುಟ್ಟಬೇಡಿ.

ಕಾರ್ಡಿನಲ್ಲಿ ಜಾಗ ಮುಗಿಯಿತು.
ಷಡಕ್ಷರಿ