ನಾಳೆಗೆ ದಾಟಿಸಿದ ಕೆಲಸ

ವರ್ಲೀನಕ್ಕಾ,

ಓವನ್‌ನಲ್ಲಿ ಕೋಳಿ ಇದೆ, ಐದಕ್ಕೆ ಆರಿಸು. ನಾಯಿಗೆ ಊಟ ಹಾಕಿದ್ದೀನಿ, ಅದರ ನಾಟಕ ನಂಬಬೇಡ.

ಸ್ಟಾಂಪ್ ಹುಡುಕೋಕೆ ಹೋಗಿ ನಿನ್ನ ದಿನಚರಿ ತೆರೆದುಬಿಟ್ಟೆ. ಆಮೇಲೆ ಬೈ. ಎಡಗಡೆ ಕೆಲಸ, ಬಲಗಡೆ ಪ್ರಾರ್ಥನೆ. 'ದೇವರಿಗೂ ಪಟ್ಟಿ ಕೊಡ್ತೀಯಾ?' ಅಂತ ಎಷ್ಟು ಆಡಿಕೊಂಡಿದ್ದೆ! ಹಲ್ಲಿನ ಡಾಕ್ಟರು, ಚರ್ಚಿನ ಪರದೆ, ಗಟಾರ ಕ್ಲೀನಿಂಗು, ಎಲ್ಲಕ್ಕೂ ಟಿಕ್ ಬಿದ್ದಿದೆ. ಒಂದಕ್ಕೆ ಮಾತ್ರ ದಿನಾ ಬಾಣದ ಗುರುತು, ನಾಳೆಗೆ ಅಂತ: 'ಟ್ವೈಲಾಳನ್ನು ಕ್ಷಮಿಸಬೇಕು.' ಮಾರ್ಚಿನಿಂದ ಇನ್ನೂರ ಹನ್ನೊಂದು ದಿನ!

ಅಮ್ಮನ ಬೈಬಲ್ಲನ್ನ ನಾನು ನೋಡದೆ ಚರ್ಚಿನ ಹಳೇ ಸಾಮಾನಿನ ಮಾರಾಟಕ್ಕೆ ಹಾಕಿದಾಗ, 'ಹೋಗ್ಲಿ ಬಿಡೇ' ಅಂದು ಆ ಸಂಜೆಯೇ ಪೀಚ್ ಹಣ್ಣಿನ ಪೈ ಮಾಡಿಕೊಟ್ಟೆಯಲ್ಲಾ ಅಕ್ಕಾ! ನಾನು ನಂಬಿ ಎರಡು ತುಂಡು ತಿಂದೆ.

ಆ ಬೈಬಲ್ಲನ್ನ ಕೊಂಡವರು ಮಸ್ಕೋಗಿ ಊರಲ್ಲಿದ್ದಾರಂತೆ. ಈಗಷ್ಟೇ ಪಾದ್ರಿಯ ಹೆಂಡತಿಗೆ ಫೋನ್ ಮಾಡಿ ವಿಳಾಸ ತಗೊಂಡೆ, ವಾಪಸ್ ತರೋಕೆ ಹೊರಟೆ. ನೀನು ಇಷ್ಟು ದಿನ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ.

ಸಿಗದೇ ಬಂದರೆ, ಪಾಪ ಅಂತ ಸುಳ್ಳು ಟಿಕ್ ಹಾಕಬೇಡ. ನಾಳೆಗೇ ದಾಟಿಸು. ಪಟ್ಟಿಯಿಂದ ಹೊಡೆದುಹಾಕೋದು ಮಾತ್ರ ಬೇಡ.

ಟ್ವೈಲಾ